ಆಸ್ಟ್ರೋ ಬಾಯ್ (2009): ನೋಡುವ ಮುಂಚೆ, ನೋಡಿದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಿನಿಮಾದ ಮಾತು ಬಂದಾಗಲೆಲ್ಲ ಅದೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಾನು ಹಳೇ ಕಾರ್ಟೂನಿನ ಹುಚ್ಚ, ಹಾಗಾಗಿ ಪಕ್ಷಪಾತ ಇದ್ದೇ ಇರುತ್ತದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಥೆಯ ಗುಟ್ಟು ರಟ್ಟಾಗುವ ಕಡೆ ಎಚ್ಚರಿಕೆ ಹಾಕಿದ್ದೇನೆ.

ಇದು ಯಾವ ಸಿನಿಮಾ? ಯಾರು ಮಾಡಿದ್ದು?

ಜಪಾನಿನ ಒಸಾಮು ತೆಜುಕಾ ಬರೆದ ರೋಬೋಟ್ ಹುಡುಗನ ಕಥೆಯನ್ನು ಕಂಪ್ಯೂಟರ್ ಅನಿಮೇಷನ್‌ನಲ್ಲಿ ಮತ್ತೆ ಮಾಡಿದ ಸಿನಿಮಾ ಇದು. ಬಿಡುಗಡೆ ಆಗಿದ್ದು 2009ರ ಅಕ್ಟೋಬರ್‌ನಲ್ಲಿ. ಜಪಾನಿನಲ್ಲಿ 10ನೇ ತಾರೀಖು, ಅಮೆರಿಕದಲ್ಲಿ 23ನೇ ತಾರೀಖು. ನಿರ್ದೇಶಕ ಡೇವಿಡ್ ಬೋವರ್ಸ್. ಮಾಡಿದ್ದು ಹಾಂಗ್‌ಕಾಂಗ್‌ನ ಇಮಾಜಿ ಸ್ಟುಡಿಯೋ, 2007ರಲ್ಲಿ ನಿಂಜಾ ಆಮೆಗಳ ಅನಿಮೇಷನ್ ಸಿನಿಮಾ ಮಾಡಿದವರು ಇವರೇ. ಉದ್ದ ಸುಮಾರು ಒಂದೂವರೆ ಗಂಟೆ. ಅಂದರೆ ಕಥೆ ಜಪಾನಿನದು, ಕೆಲಸ ಹಾಂಗ್‌ಕಾಂಗ್‌ನದು, ಧ್ವನಿಗಳು ಹಾಲಿವುಡ್‌ನವು. ಈ ಮೂರು ಕಡೆಯ ಎಳೆದಾಟ ಸಿನಿಮಾದಲ್ಲಿ ಕಾಣಿಸುತ್ತದೆ.

ಚಿಕ್ಕಂದಿನಲ್ಲಿ ನಾನು ನೋಡಿದ ಕಾರ್ಟೂನ್ ಇದೇನಾ? ನನಗೆ ಬಣ್ಣದ್ದು ನೆನಪಿದೆ, ನಮ್ಮಪ್ಪ ಕಪ್ಪು ಬಿಳುಪು ಅಂತಾರೆ.

ಇಬ್ಬರೂ ಸರಿ. ಟಿವಿಗೆ ಇದು ಮೂರು ದೊಡ್ಡ ಸರಣಿಯಾಗಿ ಬಂದಿದೆ. ಮೊದಲನೆಯದು 1963ರ ಜನವರಿ 1ಕ್ಕೆ ಫುಜಿ ಟಿವಿಯಲ್ಲಿ ಶುರುವಾಗಿ 1966ರ ಡಿಸೆಂಬರ್ 31ಕ್ಕೆ ಮುಗಿದದ್ದು. ಒಟ್ಟು 193 ಕಂತು, ಕಪ್ಪು ಬಿಳುಪು. ಅಮೆರಿಕದವರು ಅದರಲ್ಲಿ 104 ಕಂತುಗಳನ್ನು ಇಂಗ್ಲಿಷಿಗೆ ಡಬ್ ಮಾಡಿದರು, ಆಸ್ಟ್ರೋ ಬಾಯ್ ಅನ್ನುವ ಹೆಸರು ಹುಟ್ಟಿದ್ದೂ ಆಗಲೇ. ಎರಡನೆಯದು 1980ರಲ್ಲಿ ಬಂದ ಬಣ್ಣದ ಸರಣಿ, 52 ಕಂತು. ಮೂರನೆಯದು 2003ರದು, 50 ಕಂತು. ಕೆಂಪು ಬೂಟಿನ ಬಣ್ಣ ನೆನಪಿದ್ದು, ಚಿತ್ರ ಸ್ವಲ್ಪ ಹಳೇ ಕಾಲದ್ದು ಅನ್ನಿಸಿದರೆ ನಿಮ್ಮದು 1980ರದು. ತುಂಬ ನುಣುಪಾಗಿದ್ದರೆ 2003ರದು.

ಜಪಾನಿನಲ್ಲಿ ಇವನ ಹೆಸರು ಆಸ್ಟ್ರೋ ಅಲ್ವಾ?

ಅಲ್ಲ. ಅಲ್ಲಿ ಅವನು ಆಟಮ್, ಪೂರ್ತಿ ಹೆಸರು ತೆತ್ಸುವಾನ್ ಆಟಮ್. ತೆತ್ಸುವಾನ್ ಅಂದರೆ ಕಬ್ಬಿಣದ ತೋಳು. ಮಾಂಗಾದಲ್ಲಿ, ಅಂದರೆ ಜಪಾನಿನ ಚಿತ್ರಕಥೆಯಲ್ಲಿ, ಅವನು ಮೊದಲು ಕಾಣಿಸಿಕೊಂಡಿದ್ದು 1951ರಲ್ಲಿ, ಬೇರೊಂದು ಕಥೆಯ ಪಾತ್ರವಾಗಿ. ಅವನದೇ ಹೆಸರಿನ ಕಥೆ 1952ರಲ್ಲಿ ಶುರುವಾಗಿ 1968ರ ತನಕ ನಡೆಯಿತು. ಹಿರೋಷಿಮಾ ನಾಗಸಾಕಿ ಆಗಿ ಏಳೇ ವರ್ಷಕ್ಕೆ ಅದೇ ದೇಶದ ಮಕ್ಕಳು ಎದೆಯೊಳಗೆ ಅಣುಶಕ್ತಿ ಇಟ್ಟುಕೊಂಡ ಹುಡುಗನನ್ನು ಎತ್ತಿ ಮುದ್ದಾಡಿದರು. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಸಿನಿಮಾದವರು ಅಣುವಿನ ಸಹವಾಸವೇ ಬೇಡ ಅಂತ ನಕ್ಷತ್ರದ ಚೂರಿನಿಂದ ಬಂದ ನೀಲಿ ಶಕ್ತಿ ಮಾಡಿಕೊಂಡಿದ್ದಾರೆ. ನೀಲಿ ಒಳ್ಳೆಯದು, ಕೆಂಪು ಕೆಟ್ಟದ್ದು. ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥ ಆಗುತ್ತದೆ, ನಿಜ. ಆದರೆ ಮೂಲದಲ್ಲಿ ಒಂದೇ ಶಕ್ತಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಆಗುತ್ತಿತ್ತು, ಎದೆ ಢವಗುಟ್ಟಿಸುತ್ತಿದ್ದುದು ಅದೇ.

ಹಳೇದು ಏನೂ ನೋಡಿಲ್ಲ. ನೇರವಾಗಿ ಸಿನಿಮಾ ನೋಡಬಹುದಾ?

ಧಾರಾಳವಾಗಿ. ಕಥೆ ಮೊದಲಿಂದ ಹೇಳುತ್ತಾರೆ. ನೋಡದೇ ಇರುವವರಿಗೇ ಜಾಸ್ತಿ ಇಷ್ಟ ಆಗಬಹುದು, ನಮ್ಮ ಹಾಗೆ ಪ್ರತಿ ದೃಶ್ಯಕ್ಕೂ 'ಅದರಲ್ಲಿ ಹೀಗಿರಲಿಲ್ಲ' ಅಂತ ಗೊಣಗುವ ಕಾಟ ಇರುವುದಿಲ್ಲವಲ್ಲ.

ಕಥೆ ಏನು? (ಶುರುವಿನ ಗುಟ್ಟು ಮಾತ್ರ ಇದೆ)

ಮೆಟ್ರೋ ಸಿಟಿ ಅನ್ನುವ ಊರು ಆಕಾಶದಲ್ಲಿ ತೇಲುತ್ತಿದೆ. ಅಲ್ಲಿ ಎಲ್ಲ ಕೆಲಸವೂ ರೋಬೋಟ್‌ಗಳದ್ದು, ಕೆಟ್ಟುಹೋದವನ್ನು ಕೆಳಗಿನ ಭೂಮಿಗೆ ಸುರಿದುಬಿಡುತ್ತಾರೆ. ಅಲ್ಲಿನ ದೊಡ್ಡ ವಿಜ್ಞಾನಿ ಡಾ. ತೆನ್ಮಾ. ಅವನ ಮಗ ಟೋಬಿ, ಮಹಾ ಬುದ್ಧಿವಂತ, ಸ್ವಲ್ಪ ಜಂಬದ ಕೋಳಿ. ಚುನಾವಣೆ ಗೆಲ್ಲುವ ಹುಚ್ಚಿನಲ್ಲಿರುವ ಅಧ್ಯಕ್ಷ ಸ್ಟೋನ್ ಯುದ್ಧದ ರೋಬೋಟ್‌ಗೆ ಕೆಂಪು ಶಕ್ತಿ ಹಾಕಿಸುತ್ತಾನೆ. ಅದು ತಿರುಗಿಬೀಳುತ್ತದೆ, ಕದ್ದು ನೋಡಲು ಬಂದಿದ್ದ ಟೋಬಿ ಸತ್ತುಹೋಗುತ್ತಾನೆ.

ಉಳಿದದ್ದು ಅವನ ಟೋಪಿ ಒಂದೇ. ಅಪ್ಪ ಆ ಟೋಪಿಯಲ್ಲಿ ಸಿಕ್ಕ ಒಂದು ಕೂದಲಿನಿಂದ ಮಗನ ನೆನಪುಗಳನ್ನು ಎತ್ತಿ, ಅದೇ ರೂಪದ ರೋಬೋಟ್‌ಗೆ ತುಂಬುತ್ತಾನೆ. ನೆನಪು ಒಂದೇ ಕೂದಲಲ್ಲಿ ಹೇಗಿರುತ್ತದೆ ಅಂತ ಕೇಳಬೇಡಿ. ಅಕ್ಕನ ಮಗಳ ಜೊತೆ ನೋಡುತ್ತಿದ್ದಾಗ ಅವಳು ಕೇಳಿದ್ದು ಅದನ್ನಲ್ಲ, 'ಮಾಮ, ಆ ಟೋಪೀನ ಅವ್ರು ಯಾಕೆ ಕೆಳಗೇ ಇಡ್ತಿಲ್ಲ?' ಅಂತ. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಸಿನಿಮಾದಲ್ಲಿ ಇದಕ್ಕಿಂತ ಒಳ್ಳೆಯ ದೃಶ್ಯ ಇನ್ನೊಂದಿಲ್ಲ, ಮಾತೂ ಕಡಿಮೆ.

ಮೂಲದಲ್ಲಿ ಅಪ್ಪನೇ ಹುಡುಗನನ್ನು ಸರ್ಕಸ್‌ಗೆ ಮಾರುತ್ತಾನೆ ಅಂತಾರೆ, ನಿಜವಾ? (ಇಲ್ಲಿಂದ ದೊಡ್ಡ ಗುಟ್ಟು ರಟ್ಟಾಗುತ್ತದೆ)

ನಿಜ. ಇದೇ ನನ್ನ ದೊಡ್ಡ ತಕರಾರು ಕೂಡ, ಹಾಗಾಗಿ ಉತ್ತರ ಸ್ವಲ್ಪ ಉದ್ದ.

ತೆಜುಕಾ ಕಥೆಯಲ್ಲಿ ಮಗ ತೋಬಿಯೋ ಸಾಯುವುದು ರಸ್ತೆ ಅಪಘಾತದಲ್ಲಿ. ಯುದ್ಧ ಇಲ್ಲ, ರಾಕ್ಷಸ ರೋಬೋಟ್ ಇಲ್ಲ, ಯಾರ ಮನೆಯಲ್ಲಾದರೂ ಆಗಬಹುದಾದ ಸಾವು. ಅಪ್ಪ ತೆನ್ಮಾ ರೋಬೋಟ್ ಮಗನನ್ನು ಮಾಡಿ, ಮುದ್ದು ಮಾಡಿ, ಪಾಠ ಹೇಳಿಕೊಟ್ಟು ಸ್ವಲ್ಪ ಕಾಲ ಖುಷಿಯಾಗಿಯೇ ಇರುತ್ತಾನೆ. ಆಮೇಲೆ ಒಂದು ದಿನ ಅವನಿಗೆ ಹೊಳೆಯುತ್ತದೆ, ಈ ಹುಡುಗ ಎತ್ತರ ಬೆಳೆಯುತ್ತಿಲ್ಲ. ನಿನ್ನೆ ಎಷ್ಟಿದ್ದನೋ ಇವತ್ತೂ ಅಷ್ಟೇ, ಇನ್ನು ಹತ್ತು ವರ್ಷ ಬಿಟ್ಟರೂ ಅಷ್ಟೇ. ರೋಬೋಟ್ ಮಾಡಿದವನು ತಾನೇ, ಅದು ಬೆಳೆಯಲ್ಲ ಅಂತ ಗೊತ್ತಿಲ್ಲದ ವಿಜ್ಞಾನಿ ಇರುತ್ತಾನಾ? ಗೊತ್ತಿತ್ತು. ಆದರೂ ಬೆಳೆಯುತ್ತಾನೆ ಅಂದುಕೊಂಡಿದ್ದ. ಮಗ ಸತ್ತ ಅಪ್ಪನ ತಲೆ ಹಾಗೆಯೇ ಓಡುವುದು. ಆ ಸಿಟ್ಟನ್ನೆಲ್ಲ ಹುಡುಗನ ಮೇಲೆ ತೀರಿಸಿಕೊಂಡು ಅವನನ್ನು ರೋಬೋಟ್ ಸರ್ಕಸ್‌ಗೆ ಮಾರಿಬಿಡುತ್ತಾನೆ. ಅಲ್ಲಿ ಅವನನ್ನು ಕಂಡು ಬಿಡಿಸಿಕೊಂಡು ಬರುವುದು ಡಾ. ಓಚನೋಮಿಜು, ದಪ್ಪ ಮೂಗಿನ ಮುದುಕ, ಇಂಗ್ಲಿಷಿನಲ್ಲಿ ಎಲೆಫನ್.

ಈ ಕಥೆಯನ್ನು ಚಿಕ್ಕ ಮಕ್ಕಳ ಮಾಸಪತ್ರಿಕೆಗೆ ಬರೆದಿದ್ದು ಅನ್ನುವುದು ನೆನಪಿರಲಿ.

ಸಿನಿಮಾದಲ್ಲಿ ಅಪ್ಪ ಮಾರುವುದಿಲ್ಲ. ಹುಡುಗನನ್ನು ನೋಡಿದಾಗಲೆಲ್ಲ ಸತ್ತ ಮಗ ನೆನಪಾಗುತ್ತಾನೆ, ನೀನು ಟೋಬಿ ಅಲ್ಲ, ನನಗೆ ಬೇಡ ಅನ್ನುತ್ತಾನೆ. ಹುಡುಗ ಮನೆ ಬಿಡುತ್ತಾನೆ, ಸೈನ್ಯ ಅಟ್ಟಿಸಿಕೊಂಡು ಬರುತ್ತದೆ, ಕೆಳಗಿನ ಭೂಮಿಗೆ ಬೀಳುತ್ತಾನೆ. ಸರ್ಕಸ್‌ನ ಮಾಲೀಕ ಹ್ಯಾಮೆಗ್ ಇಲ್ಲೂ ಇದ್ದಾನೆ, ರೋಬೋಟ್‌ಗಳನ್ನು ಒಂದಕ್ಕೊಂದು ಕಾದಾಡಿಸಿ ಆಟ ನಡೆಸುತ್ತಾನೆ. ಅಂದರೆ ಸರ್ಕಸ್ ಉಳಿದಿದೆ, ಮಾರಿದ ಅಪ್ಪ ಮಾತ್ರ ಮಾಯ. ಅಪ್ಪನ ತಪ್ಪನ್ನು ತೆಗೆದು ಅಧ್ಯಕ್ಷ ಸ್ಟೋನ್‌ನ ತಲೆಗೆ ಕಟ್ಟಿದ್ದಾರೆ.

ಹಾಗಂತ ತೆನ್ಮಾ ಪಾತ್ರ ಪೂರಾ ಕೆಟ್ಟಿದೆ ಅಂತಲ್ಲ. ಕೊನೆ ಭಾಗದಲ್ಲಿ ಹುಡುಗನನ್ನು ಹಿಡಿದು ತಂದು ಅವನ ಎದೆಯ ನೀಲಿ ಶಕ್ತಿ ತೆಗೆಯಲು ಅಪ್ಪನಿಗೇ ಹೇಳುತ್ತಾರೆ. ಹುಡುಗ ಗಲಾಟೆ ಮಾಡುವುದಿಲ್ಲ, ಸುಮ್ನೆ ಮಲಗುತ್ತಾನೆ. ಅಪ್ಪ ತೆಗೆಯುತ್ತಾನೆ. ತೆಗೆದ ಮೇಲೆ ತಡೆಯಲಾರದೆ ವಾಪಸ್ ಇಡುತ್ತಾನೆ, ಟೋಬಿ ಅಲ್ಲದಿದ್ದರೂ ನೀನು ನನ್ನ ಮಗನೇ ಅನ್ನುವ ಅರ್ಥದ ಮಾತಾಡುತ್ತಾನೆ. ಆ ಎರಡು ನಿಮಿಷ ಚೆನ್ನಾಗಿದೆ. ಆದರೆ ಬೆಳೆಯದ ಮಗನ ಪ್ರಶ್ನೆ ಇಡೀ ಸಿನಿಮಾದಲ್ಲಿ ಎಲ್ಲೂ ಏಳುವುದೇ ಇಲ್ಲ, ಕಥೆಯ ಮುಳ್ಳೇ ಅದು ಅಂದುಕೊಂಡವನಿಗೆ ಊಟದಲ್ಲಿ ಉಪ್ಪೇ ಇಲ್ಲ ಅನ್ನಿಸುತ್ತದೆ.

ತಲೆಯ ಮೇಲಿನ ಆ ಎರಡು ಕೊಂಬು ಏನು?

ಕೂದಲು. ಸ್ನಾನ ಮಾಡಿದ ಮೇಲೆ ತನ್ನ ಕೂದಲು ಹಾಗೆ ಎದ್ದು ನಿಲ್ಲುತ್ತಿದ್ದುದನ್ನು ತೆಜುಕಾ ಇವನಿಗೆ ಕೊಟ್ಟ ಅನ್ನುತ್ತಾರೆ. ಇದರಲ್ಲಿ ಒಂದು ಮಜಾ ಇದೆ. ಹಳೇ ಚಿತ್ರಗಳನ್ನು ಮುಂದೆ ಇಟ್ಟುಕೊಂಡು ನೋಡಿ. ಹುಡುಗ ಎಡಕ್ಕೆ ತಿರುಗಲಿ ಬಲಕ್ಕೆ ತಿರುಗಲಿ, ಎರಡೂ ಕೊಂಬು ಕಾಣುತ್ತಲೇ ಇರುತ್ತವೆ, ಒಂದರ ಹಿಂದೆ ಒಂದು ಮುಚ್ಚಿಹೋಗುವುದೇ ಇಲ್ಲ. ಮಿಕ್ಕಿ ಮೌಸ್‌ನ ಕಿವಿಯ ಹಾಗೆ. ಕೈಯಲ್ಲಿ ಬರೆಯುವಾಗ ಇದು ಸುಲಭ, ಪ್ರತಿ ಚಿತ್ರದಲ್ಲೂ ಸುಳ್ಳು ಹೇಳಿದರಾಯಿತು. ಕಂಪ್ಯೂಟರ್‌ನಲ್ಲಿ ತಲೆಯ ಮಾಡೆಲ್ ಒಂದೇ ಇರುತ್ತದೆ, ಕ್ಯಾಮೆರಾ ಸುತ್ತ ತಿರುಗಿದರೆ ಕೊಂಬು ಎಲ್ಲಿದೆಯೋ ಅಲ್ಲೇ ಕಾಣಬೇಕು. ಸಿನಿಮಾ ನೋಡುವಾಗ ಹುಡುಗ ತಲೆ ತಿರುಗಿಸಿದಾಗೆಲ್ಲ ಆ ಕೊಂಬಿನ ಮೇಲೆ ಕಣ್ಣಿಡಿ. ಒಮ್ಮೆ ಗಮನಿಸಿದರೆ ಬೇರೇನೂ ಕಾಣುವುದಿಲ್ಲ, ಕ್ಷಮಿಸಿ.

ಹಳೇ ಕಾರ್ಟೂನ್ ಈಗ ನೋಡಿದರೆ ಯಾಕೆ ತಡೆತಡೆದು ಓಡುತ್ತದೆ? ಬಾಯಿ ಮಾತ್ರ ಅಲ್ಲಾಡುತ್ತೆ!

ಕಾಸು ಇರಲಿಲ್ಲ, ಸಮಯವೂ ಇರಲಿಲ್ಲ. ಪ್ರತಿ ವಾರ ಅರ್ಧ ಗಂಟೆಯ ಕಂತು ಕೊಡಬೇಕು ಅಂತ ತೆಜುಕಾ ತನ್ನ ಮುಶಿ ಸ್ಟುಡಿಯೋದಲ್ಲಿ ಹೊರಟಾಗ ಜಪಾನಿನಲ್ಲಿ ಹಾಗೆ ಯಾರೂ ಮಾಡಿರಲಿಲ್ಲ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್. ದೊಡ್ಡ ಸ್ಟುಡಿಯೋಗಳು ಎರಡು ಫ್ರೇಮಿಗೆ ಒಂದು ಚಿತ್ರದ ಲೆಕ್ಕದಲ್ಲಿ 12, ಬೇಕಾದ ಕಡೆ 24 ಚಿತ್ರ ಬರೆಯುತ್ತಿದ್ದವು. ತೆಜುಕಾ ಮೂರು ಫ್ರೇಮಿಗೆ ಒಂದು ಅಂದ. ಸೆಕೆಂಡಿಗೆ ಎಂಟೇ ಚಿತ್ರ. ಅದರಲ್ಲೂ ಎಷ್ಟೋ ಕಡೆ ಮುಖ ನಿಂತೇ ಇರುತ್ತದೆ, ಬಾಯಿ ಮಾತ್ರ ಆಡುತ್ತದೆ. ಹಾರುವ ದೃಶ್ಯ ಒಂದು ಸಲ ಬರೆದು ಎತ್ತಿಟ್ಟು, ಮುಂದಿನ ವಾರ ಹಿಂದಿನ ಮೋಡ ಬದಲಿಸಿ ಮತ್ತೆ ಹಾಕುವುದು. ಇದಕ್ಕೆ ಅವರು ಬ್ಯಾಂಕ್ ಅಂತಲೇ ಕರೆಯುತ್ತಿದ್ದರು, ದುಡ್ಡು ಇಟ್ಟು ತೆಗೆಯುವ ಹಾಗೆ.

ಟಿವಿಗೆ ಮಾರಿದ ಬೆಲೆ ಖರ್ಚಿಗೂ ಸಾಲುತ್ತಿರಲಿಲ್ಲ. ಉಳಿದದ್ದನ್ನು ಹೊರದೇಶದ ಮಾರಾಟದಿಂದ ಮತ್ತು ಆಟಮ್ ಚಿತ್ರ ಹಾಕಿದ ವಸ್ತುಗಳಿಂದ ತುಂಬಿಸಿಕೊಂಡರು. ಪ್ರಾಯೋಜಕರಾದ ಮೆಯಿಜಿ ಕಂಪನಿಯ ಚಾಕಲೇಟ್ ಡಬ್ಬಿಯ ಜೊತೆ ಬರುತ್ತಿದ್ದ ಆಟಮ್ ಸ್ಟಿಕ್ಕರ್‌ಗೆ ಮಕ್ಕಳು ಮುಗಿಬಿದ್ದರು. ಕಾರ್ಟೂನ್ ಕಮ್ಮಿ ಬೆಲೆಗೆ ಕೊಟ್ಟು ಆಟಿಕೆಯಲ್ಲಿ ದುಡ್ಡು ಮಾಡುವ ದಾರಿ ಜಪಾನಿನಲ್ಲಿ ಹೀಗೆ ಗಟ್ಟಿಯಾಯಿತು. ಕಮ್ಮಿ ಬೆಲೆಯ ಆ ರೂಢಿಯನ್ನು ಮುಂದೆ ಬಂದ ಚಿತ್ರಗಾರರು ಬೈದುಕೊಂಡದ್ದೂ ಉಂಟು.

ನನಗಂತೂ ಆ ತಡೆತಡೆದು ಓಡುವ ಹುಡುಗನೇ ಜಾಸ್ತಿ ಇಷ್ಟ. ಚಿತ್ರ ನಿಂತಾಗ ಮುಖವನ್ನು ದಿಟ್ಟಿಸಿ ನೋಡಲು ಪುರುಸೊತ್ತು ಸಿಗುತ್ತದೆ.

ಹಿಂಬದಿಯಿಂದ ಮಷೀನ್ ಗನ್ ಬರುತ್ತದಲ್ಲ, ಅದು ಸಿನಿಮಾದವರ ಜೋಕಾ?

ಅಲ್ಲವೇ ಅಲ್ಲ, ತೆಜುಕಾನದೇ. ಮೂಲದಲ್ಲಿ ಆಟಮ್‌ಗೆ ಏಳು ಶಕ್ತಿ. ಒಂದು ಲಕ್ಷ ಕುದುರೆ ಬಲ, ಜೆಟ್ ಕಾಲು, 60 ಭಾಷೆ, ಸಾವಿರ ಪಟ್ಟು ಚುರುಕು ಕಿವಿ, ಸರ್ಚ್‌ಲೈಟ್ ಕಣ್ಣು, ಎದುರಿಗಿರುವವನು ಒಳ್ಳೆಯವನೋ ಕೆಟ್ಟವನೋ ಅಂತ ಗುರುತಿಸುವ ಶಕ್ತಿ, ಮತ್ತೆ ಈ ಮಷೀನ್ ಗನ್. ಸಿನಿಮಾದಲ್ಲಿ ಇದನ್ನು ಉಳಿಸಿಕೊಂಡು, ಹುಡುಗನೇ ಬೆಚ್ಚಿಬೀಳುವ ಹಾಗೆ ಮಾಡಿದ್ದಾರೆ. ಅಕ್ಕನ ಮಗಳು ಬಿದ್ದು ಬಿದ್ದು ನಕ್ಕಳು. ಒಳ್ಳೆಯವನೋ ಕೆಟ್ಟವನೋ ಗುರುತಿಸುವ ಶಕ್ತಿ ಬಿಟ್ಟಿದ್ದು ಸರಿಯೇ ಆಯಿತು, ಅದಿದ್ದಿದ್ದರೆ ಹ್ಯಾಮೆಗ್ ಅಂಥವನನ್ನು ಹುಡುಗ ನಂಬುವ ಕಥೆಯೇ ನಡೆಯುತ್ತಿರಲಿಲ್ಲ.

ಧ್ವನಿ ಕೊಟ್ಟವರು ಯಾರು?

ಹುಡುಗನಿಗೆ ಫ್ರೆಡ್ಡಿ ಹೈಮೋರ್, ತೆನ್ಮಾಗೆ ನಿಕೋಲಸ್ ಕೇಜ್, ಎಲೆಫನ್‌ಗೆ ಬಿಲ್ ನೈ, ಸ್ಟೋನ್‌ಗೆ ಡೊನಾಲ್ಡ್ ಸದರ್ಲೆಂಡ್, ಕೋರಾ ಅನ್ನುವ ಹುಡುಗಿಗೆ ಕ್ರಿಸ್ಟನ್ ಬೆಲ್, ಹ್ಯಾಮೆಗ್‌ಗೆ ನೇಥನ್ ಲೇನ್. ನೂರು ವರ್ಷದ ಹಳೇ ರೋಬೋಟ್ ಜಾಗ್‌ಗೆ ಸ್ಯಾಮ್ಯುಯಲ್ ಜಾಕ್ಸನ್, ಮಾತು ಬೆರಳೆಣಿಕೆಯಷ್ಟು ಆದರೂ ಜನ ನೆನಪಿಟ್ಟುಕೊಳ್ಳುವುದು ಅವನನ್ನೇ. ಕೇಜ್ ಧ್ವನಿ ನನಗೆ ಹಿಡಿಸಲಿಲ್ಲ, ದುಃಖದಲ್ಲೂ ಯಾವುದೋ ಮೀಟಿಂಗ್‌ನಲ್ಲಿ ಮಾತಾಡುವ ಹಾಗಿದೆ.

ಜಪಾನಿನ ಹಳೇ ಸರಣಿಗಳಲ್ಲಿ, 1963ರದಕ್ಕೂ 1980ರದಕ್ಕೂ, ಆಟಮ್‌ನ ಧ್ವನಿ ಮಾರಿ ಶಿಮಿಜು ಅನ್ನುವ ನಟಿಯದು. ಹುಡುಗನ ಪಾತ್ರಕ್ಕೆ ಹೆಂಗಸಿನ ಧ್ವನಿ ಅಲ್ಲಿ ಮಾಮೂಲಿ, ಧ್ವನಿ ಒಡೆಯುವ ಚಿಂತೆಯೂ ಇರುವುದಿಲ್ಲ. ಬೆಳೆಯದ ಹುಡುಗನಿಗೆ ಬೆಳೆಯದ ಧ್ವನಿ.

ಚಿಕ್ಕ ಮಕ್ಕಳಿಗೆ ತೋರಿಸಬಹುದಾ?

ತೋರಿಸಬಹುದು, ಜೊತೆಗೆ ಕೂತುಕೊಳ್ಳಿ. ಅಮೆರಿಕದಲ್ಲಿ ಪಿಜಿ ಸರ್ಟಿಫಿಕೇಟ್. ರಕ್ತ ಕಾಣುವುದಿಲ್ಲ, ಆದರೆ ಶುರುವಿನಲ್ಲೇ ಮಗು ಸಾಯುತ್ತದೆ, ಅಪ್ಪ ಬೇಡ ಅನ್ನುತ್ತಾನೆ. ಯಂತ್ರಗಳ ಹೊಡೆದಾಟಕ್ಕಿಂತ ಆ ಬೇಡ ಅನ್ನುವ ಮಾತೇ ಮಕ್ಕಳಿಗೆ ಜಾಸ್ತಿ ತಾಗುತ್ತದೆ. ನಮ್ಮ ಹುಡುಗಿ ಅಲ್ಲಿ ನನ್ನ ತೋಳು ಹಿಡಿದುಕೊಂಡಳು, ಕಿಟಕಿ ಒರೆಸುವ ರೋಬೋಟ್‌ಗಳು ಬಂದು ಹರಟೆ ಹೊಡೆದಾಗ ಬಿಟ್ಟಳು.

ಇಷ್ಟೆಲ್ಲ ಇದ್ದೂ ಯಾಕೆ ಸೋತಿತು?

ಖರ್ಚು ಸುಮಾರು 6.5 ಕೋಟಿ ಡಾಲರ್. ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ ಬಂದದ್ದು 67 ಲಕ್ಷ ಡಾಲರ್ ಅಷ್ಟೇ, ಅಲ್ಲಿನ ಒಟ್ಟು ಗಳಿಕೆ 2 ಕೋಟಿಯನ್ನೂ ಮುಟ್ಟಲಿಲ್ಲ. ಲೋಕವೆಲ್ಲ ಸೇರಿಸಿದರೂ ಹಾಕಿದ ದುಡ್ಡು ಬರಲಿಲ್ಲ. ಚೀನಾದಲ್ಲಿ ಜನ ಒಳ್ಳೆಯ ಸಂಖ್ಯೆಯಲ್ಲಿ ನೋಡಿದರು, ತವರೂರು ಜಪಾನಿನಲ್ಲಿ ಮಾತ್ರ ಕೈಬಿಟ್ಟರು.

ನನ್ನ ಅನಿಸಿಕೆ ಕೇಳಿದರೆ, ಯಾರಿಗಾಗಿ ಮಾಡಿದ್ದು ಅಂತಲೇ ಗೊತ್ತಾಗದ ಸಿನಿಮಾ ಇದು. ಅಮೆರಿಕದ ಮಕ್ಕಳಿಗೆ ಆಸ್ಟ್ರೋ ಯಾರು ಅಂತ ಗೊತ್ತಿಲ್ಲ, ಗೊತ್ತಿದ್ದದ್ದು ಅವರ ಅಜ್ಜಂದಿರಿಗೆ. ಜಪಾನಿನವರಿಗೆ ಅವನು ಮನೆಮಗ, ಅವನ ಅಪ್ಪನನ್ನು ಬದಲಿಸಿದ್ದು ಕಂಡರೆ ಸಹಿಸುತ್ತಾರಾ? ಜೊತೆಗೆ ನಡುವಿನ ಭಾಗದಲ್ಲಿ ಕ್ರಾಂತಿಕಾರಿ ರೋಬೋಟ್‌ಗಳ ಗುಂಪು ಬಂದು ಮಾಡುವ ತಮಾಷೆ ಸುಮ್ನೆ ಹೊತ್ತು ಕಳೆಯಲು ಇಟ್ಟ ಹಾಗಿದೆ.

ಎರಡನೇ ಭಾಗ ಬರುತ್ತದಾ?

ಇಲ್ಲ. ಕೊನೆಯಲ್ಲಿ ಹೊಸ ರಾಕ್ಷಸ ಬಂದು ಆಸ್ಟ್ರೋ ಹಾರುವುದನ್ನು ತೋರಿಸಿ ಆಸೆ ಹುಟ್ಟಿಸಿದ್ದರು. ಆದರೆ ಸ್ಟುಡಿಯೋ 2010ರ ಶುರುವಿನಲ್ಲೇ ಬಾಗಿಲು ಹಾಕಿತು. ತೆಜುಕಾನ ಮುಶಿ ಸ್ಟುಡಿಯೋ ಕೂಡ 1973ರಲ್ಲಿ ದಿವಾಳಿ ಆಗಿತ್ತು, ಇದೇನು ಈ ಹುಡುಗನ ಕಾಲ್ಗುಣವೋ ಏನೋ.

ಇವನಿಗೆ ಹುಟ್ಟುಹಬ್ಬ ಇದೆ ಅಂತಾರೆ?

ಇದೆ, ಏಪ್ರಿಲ್ 7, 2003. ಕಥೆ ಬರೆದಾಗ ಅದು ದೂರದ ಭವಿಷ್ಯ. ಆ ದಿನ ನಿಜವಾಗಲೂ ಬಂದಾಗ ಜಪಾನಿನಲ್ಲಿ ಹಬ್ಬವೇ ನಡೆಯಿತು. ಹೊಸ ಟಿವಿ ಸರಣಿ ಅದರ ಹಿಂದಿನ ದಿನ ಶುರುವಾಯಿತು, ಸೈತಾಮಾ ಪ್ರಾಂತದ ನೀಝಾ ನಗರದವರು ಅವನನ್ನು ತಮ್ಮ ಊರಿನ ನಿವಾಸಿ ಅಂತ ದಾಖಲೆ ಮಾಡಿಕೊಂಡರು. ಕಥೆಯಲ್ಲಿ ಅವನು ಹುಟ್ಟುವ ಜಾಗ ಟೋಕಿಯೋದ ತಕದನೋಬಾಬಾ, ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ ಕೇಳಿಸಿದ್ದು ಈ ಕಾರ್ಟೂನಿನ ಹಾಡಿನ ರಾಗವೇ.

ಇದಾದ ಮೇಲೆ ಏನು ನೋಡಲಿ?

ದೊಡ್ಡವರಾದರೆ ಪ್ಲೂಟೋ. ತೆಜುಕಾ 1964ರ ಹೊತ್ತಿಗೆ ಬರೆದ ಒಂದು ಕಥೆಯನ್ನು ನವೋಕಿ ಉರಸಾವಾ 2003ರಿಂದ 2009ರ ತನಕ ಕೊಲೆ ತನಿಖೆಯ ಮಾಂಗಾ ಮಾಡಿ ಬರೆದರು, 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಎಂಟು ಕಂತಾಗಿ ಬಂತು. ಅಲ್ಲಿ ತೆನ್ಮಾ ಮತ್ತೆ ತೆನ್ಮಾನೇ. ಮಗನ ಮೇಲಿನ ಪ್ರೀತಿಯೂ ಕಲ್ಲೆದೆಯೂ ಒಂದೇ ಮುಖದಲ್ಲಿ ಕಾಣುತ್ತದೆ. ಮಕ್ಕಳಿಗೆ ಬೇಡ.

ಮೂಲ ಸರಣಿ ಹೇಗೆ ಮುಗಿಯುತ್ತದೆ? (ಕೊನೆಯ ಗುಟ್ಟು)

ಸಿನಿಮಾದಲ್ಲಿ ಹುಡುಗ ಸತ್ತು, ಜಾಗ್ ತನ್ನಲ್ಲಿದ್ದ ನೀಲಿ ಶಕ್ತಿ ಕೊಟ್ಟು ಎಬ್ಬಿಸುತ್ತಾನೆ, ಎಲ್ಲರೂ ನಗುತ್ತಾರೆ. 1966ರ ಕೊನೆಯ ದಿನ ಜಪಾನಿನ ಮಕ್ಕಳಿಗೆ ಆ ಸಮಾಧಾನ ಸಿಗಲಿಲ್ಲ. ಸೂರ್ಯನ ಕಾವು ಏರಿ ಭೂಮಿ ಬೇಯುತ್ತಿರುತ್ತದೆ, ಅದನ್ನು ತಣಿಸುವ ಯಂತ್ರ ಹೊತ್ತುಕೊಂಡು ಆಟಮ್ ನೇರ ಸೂರ್ಯನೊಳಗೆ ಹಾರಿಹೋಗುತ್ತಾನೆ. ಅಲ್ಲಿಗೆ ಮುಗಿಯಿತು.

ಇದನ್ನು ಅಕ್ಕನ ಮಗಳಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ವಾಪಸ್ ಬಂದ್ನಾ?' ಅಂದಳು. ಬಂದ, 14 ವರ್ಷ ಬಿಟ್ಟು, ಬಣ್ಣ ಹಾಕಿಕೊಂಡು ಅಂದೆ. 'ಉದ್ದ ಆಗಿದ್ನಾ?'

ಇಲ್ಲ, ಅಷ್ಟೇ ಇದ್ದ.